ಗಾಜಿನ ಮೇಲಿನ ಗಾಜು

ನನ್ನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಸಣ್ಣ ಗಾಯವಿದೆ. ನೋಡಿದರೆ ಕಾಣುವುದಿಲ್ಲ, ಹುಣಸೆಹಣ್ಣು ಕಿವುಚುವಾಗ ಗೊತ್ತಾಗುತ್ತದೆ. ಇವತ್ತು ಸಾರಿಗೆ ಕಿವುಚುತ್ತಿದ್ದಾಗ ಮತ್ತೆ ಚುರ್ ಎಂದಿತು. ಹಿಂದಿನಷ್ಟು ಉರಿಯಲಿಲ್ಲ, ಮಾಯುತ್ತಿದೆ. ಇದು ಈಳಿಗೆಮಣೆ ಮಾಡಿದ ಗಾಯವಲ್ಲ, ನನ್ನ ಫೋನು ಮಾಡಿದ್ದು. ಸರಿಯಾಗಿ ಹೇಳಬೇಕೆಂದರೆ ಫೋನೂ ಅಲ್ಲ, ಫೋನಿನ ಗಾಜಿಗೆ ಗೀರು ಬೀಳದಿರಲಿ ಎಂದು ಅದರ ಮೇಲೆ ಅಂಟಿಸುತ್ತಾರಲ್ಲ, ಆ ಇನ್ನೊಂದು ಗಾಜು. ರಕ್ಷಣೆಗೆಂದು ಹಾಕಿದ್ದೇ ಒಡೆದು ಐದು ತಿಂಗಳು ನನ್ನ ಬೆರಳನ್ನು ಕುಯ್ಯಿತು. ಒಡೆದದ್ದಾದರೂ ಎಲ್ಲಿ, ಕರೆ ಬಂದರೆ ಹಸಿರು ಗುಂಡಿಯನ್ನು ಮೇಲಕ್ಕೆ ಎಳೆಯುವ ಜಾಗದಲ್ಲೇ.

ತೆಗೆಸಿ ಹೊಸದು ಹಾಕಿಸಬಾರದೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದರು. ನಾನು ಕೆಲಸ ಮಾಡುವ ಶಾಲೆಯ ಕಚೇರಿಯಲ್ಲಿ ಕೇಳಿದರು, ಮೇಲಿನ ಮನೆಯ ಪಂಜಾಬಿ ಆಂಟಿ ಮೆಟ್ಟಿಲಲ್ಲಿ ನಿಲ್ಲಿಸಿಕೊಂಡು ಕೇಳಿದರು. ಐದು ನಿಮಿಷದ ಕೆಲಸ, ನನಗೂ ಗೊತ್ತು. ಆದರೆ ಆ ಗಾಜನ್ನು ಅಂಟಿಸಿದವರು ನಮ್ಮ ಯಜಮಾನರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಎದೆನೋವು ಎಂದರು, ಮೂರು ದಿನ ಆಸ್ಪತ್ರೆಯಲ್ಲಿದ್ದರು, ಅಷ್ಟೇ. ಅವರ ಬೂಟುಗಳನ್ನು ಗೇಟಿನ ಕಾವಲುಗಾರನಿಗೆ ಕೊಟ್ಟೆ, ಗಡಿಯಾರವನ್ನು ಮಗಳು ಇಟ್ಟುಕೊಂಡಳು, ಸ್ವೆಟರುಗಳನ್ನು ಯಾರೋ ಕೇಳಿ ತೆಗೆದುಕೊಂಡು ಹೋದರು. ಅವರ ಕೈ ಮಾಡಿದ ಕೆಲಸವೊಂದನ್ನು ನನ್ನ ಕೈ ದಿನವೂ ಮುಟ್ಟುತ್ತಿದೆ ಎಂದಿದ್ದರೆ ಅದು ಈ ಗಾಜೊಂದೇ. ಅದನ್ನು ಕಿತ್ತು ಅಂಗಡಿಯವನ ಕಸದ ಡಬ್ಬಿಗೆ ಹಾಕಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಹಾಗೆಂದು ಆ ಗಾಜಿನ ಮೇಲೆ ನನಗೆ ಪ್ರೀತಿಯಿತ್ತು ಎಂದುಕೊಳ್ಳಬೇಡಿ. ನಮ್ಮ ಮನೆಯ ಜಗಳಗಳಲ್ಲಿ ಅರ್ಧ ಇಂಥ ಗಾಜು, ಗವುಸು, ಹೊದಿಕೆಗಳ ಜಗಳವೇ. ನಮ್ಮವರು ಸೋಮವಾರಪೇಟೆ ಕಡೆಯವರು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ, ಆಮೇಲೆ ಗುರುಗ್ರಾಮದ ಒಂದು ಆಫೀಸು ಕಟ್ಟಡದಲ್ಲಿ ಭದ್ರತೆಯ ಸೂಪರ್‌ವೈಸರ್ ಆಗಿದ್ದರು. ದಿಲ್ಲಿ ಜನಕಪುರಿಯ ಈ ಎರಡು ಕೋಣೆಯ ಮನೆಯನ್ನೂ ಬ್ಯಾರಕ್ಕಿನ ಹಾಗೇ ಇಟ್ಟಿದ್ದರು. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ಕು. ಸೂಟ್‌ಕೇಸಿಗೆ ಬಟ್ಟೆಯ ಗವುಸು, ಆ ಗವುಸು ಕೊಳೆಯಾಗದಿರಲಿ ಎಂದು ಅದರ ಮೇಲೊಂದು ಪಾಲಿಥೀನ್ ಹಾಳೆ. ಹಾಳೆಗೆ ಏನು ಹೊದಿಸುತ್ತೀರಿ ಎಂದು ಕೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದರು. ನಾನು ಅದರ ವಿರುದ್ಧದ ಜಾತಿ. ವಸ್ತು ಇರುವುದು ಬಳಸುವುದಕ್ಕೆ. ನನ್ನ ಬಾಣಲೆಗಳಿಗೆ ಹಿಡಿಯಿಲ್ಲ, ಕೊಡೆಗೆ ಒಂದು ಕಡ್ಡಿ ಕಮ್ಮಿ, ಆದರೂ ಯಾವುದೂ ಕೆಲಸಕ್ಕೆ ಚಕ್ಕರ್ ಹೊಡೆದಿಲ್ಲ.

ಎರಡು ವರ್ಷದ ಹಿಂದೆ ದೀಪಾವಳಿಯ ಹೊತ್ತಿಗೆ ಅವರೂ ಮಗಳು ನಿಧಿಯೂ ಸೇರಿ ನನಗೆ ಈ ಫೋನು ತಂದುಕೊಟ್ಟರು. ಪೆಟ್ಟಿಗೆ ತೆರೆದು ನಾನು ಕೈ ಚಾಚಿದ್ದೇ ತಡ, “ಮುಟ್ಟಬೇಡ, ಮುಟ್ಟಬೇಡ, ಬೆರಳಚ್ಚು ಬೀಳುತ್ತೆ” ಎಂದು ಕಿತ್ತುಕೊಂಡರು. ನನ್ನ ಫೋನನ್ನು ಮೊದಲು ಮುಟ್ಟುವ ಭಾಗ್ಯ ನನಗಿರಲಿಲ್ಲ. ಗಾಜು ಅಂಟಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ಬಚ್ಚಲುಮನೆಯಲ್ಲಿ ಬಕೆಟ್ಟಿನ ತುಂಬ ಕುದಿಯುವಂಥ ನೀರು ಬಿಡಬೇಕು, ಬಾಗಿಲು ಹಾಕಬೇಕು, ಹಬೆ ತುಂಬಬೇಕು. ಬನಿಯನ್ನಿನಿಂದ ನೂಲು ಉದುರುತ್ತದೆಂದು ಬರಿಮೈಯಲ್ಲಿ ಒಳಗೆ ಹೋಗಬೇಕು. ಮರುದಿನ ಬೆಳಿಗ್ಗೆ ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಿಂತಿದ್ದೇನೆ, ಒಳಗೆ ಇವರ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

“ರೀ, ನನಗೆ ಶಾಲೆಗೆ ಹೊತ್ತಾಯ್ತು.”

“ಇರು, ಧೂಳು ಕೂರಲಿ.”

“ಯಾವ ಧೂಳು?”

“ಗಾಳಿಯಲ್ಲಿರೋದು. ಹಬೆಗೆ ಕೆಳಗೆ ಕೂರುತ್ತೆ.”

“ಇಡೀ ದಿಲ್ಲಿ ಧೂಳು ನಿಮ್ಮ ಒಂದು ಬಕೆಟ್ ನೀರಿಗೆ ಹೆದರಿ ಕೂತುಬಿಡುತ್ತಾ?”

“ನೀನು ಬಾಗಿಲ ಹತ್ತಿರ ನಿಂತು ಮಾತಾಡಿದರೆ ಕೂರಲ್ಲ.”

ಮುಕ್ಕಾಲು ಗಂಟೆಯಾದ ಮೇಲೆ, ಬೆವರೋ ಹಬೆಯೋ ತಿಳಿಯದಂತೆ ತೊಯ್ದು, ಅಂಗೈಯಲ್ಲಿ ಪ್ರಸಾದ ಹಿಡಿದಂತೆ ಫೋನು ಹಿಡಿದು ಹೊರಗೆ ಬಂದರು. “ಒಂದು ಗುಳ್ಳೆ ಇದ್ದರೆ ತೋರಿಸು” ಎಂದರು. ನಿಜವಾಗಿಯೂ ಒಂದೂ ಇರಲಿಲ್ಲ. ಸುದ್ದಿ ಮೆಟ್ಟಿಲು ಹತ್ತಿತು. ಅಕ್ಕಪಕ್ಕದವರು ಹೊಸ ಫೋನು ತಂದರೆ ಗಾಜಿನ ಪೊಟ್ಟಣದ ಸಮೇತ ನಮ್ಮ ಮನೆಗೆ ಬರತೊಡಗಿದರು. “ಕರ್ನಲ್ ಸಾಬ್ ಹೈ ಕ್ಯಾ?” ಎಂದು ಕೇಳುತ್ತಿದ್ದರು. ಹವಾಲ್ದಾರ್ ಎಂದು ಇವರು ಒಮ್ಮೆ ತಿದ್ದಿದರು, ಎರಡನೆಯ ಸಲ ತಿದ್ದಲಿಲ್ಲ. ಆ ಜನರೆಲ್ಲ ಕರ್ನಲರ ಬಚ್ಚಲುಮನೆಯ ಮುಂದೆ ಚಹಾ ಕುಡಿಯುತ್ತ ಕಾಯುತ್ತಿದ್ದರು. ಚಹಾ ಮಾಡುತ್ತಿದ್ದವಳು ನಾನು.

ಅಲ್ಲಿಗೇ ಮುಗಿಯಿತೇ? ಇಲ್ಲ. ವಾರಕ್ಕೊಮ್ಮೆಯಾದರೂ ನನ್ನ ಫೋನಿನ ತಪಾಸಣೆ. ಟ್ಯೂಬ್‌ಲೈಟಿನ ಕೆಳಗೆ ಅದನ್ನು ಆ ಕಡೆ ಈ ಕಡೆ ಓರೆಮಾಡಿ ನೋಡಿ, “ಜೋಪಾನ ಮಾಡಿದರೆ ಹೀಗಿರುತ್ತೆ” ಎಂದು ನನಗೊಂದು ಪಾಠ. ಮುಖ ಕೆಳಗಾಗಿ ಇಟ್ಟರೆ ಇನ್ನೊಂದು ಪಾಠ. “ವಸ್ತು ನೋಡಿದ್ರೆ ಇಟ್ಟುಕೊಂಡವರು ಎಂಥವರು ಅಂತ ತಿಳಿಯುತ್ತೆ, ಮಾರಾಯ್ತಿ.” ನಾನು ಎಂಥವಳೆಂದು ಮೂವತ್ತು ವರ್ಷವಾದ ಮೇಲೂ ಫೋನು ನೋಡಿಯೇ ತಿಳಿಯಬೇಕಿತ್ತೋ ಏನೋ.

ಅವರು ಹೋದ ಮೇಲೆ ವಿಚಿತ್ರವೊಂದು ನಡೆಯಿತು. ಮಾತಾಡಿಸಲು ಬಂದವರೆಲ್ಲ ಅವರನ್ನು ಹೊಗಳಿದರು. ಎಂಥ ಶಿಸ್ತು, ಎಂಥ ಪ್ರಾಮಾಣಿಕತೆ, ಒಂದು ದಿನವೂ ಸುಳ್ಳು ಹೇಳಿದವರಲ್ಲ. ಎಲ್ಲದಕ್ಕೂ ನಾನು ತಲೆಯಾಡಿಸಿದೆ. ತಲೆಯಾಡಿಸಿ ಆಡಿಸಿ, ನನ್ನ ಜೊತೆ ಬಚ್ಚಲಿಗಾಗಿ ಜಗಳವಾಡುತ್ತಿದ್ದ ಮನುಷ್ಯ ಎಲ್ಲೋ ಕಳೆದುಹೋದರು. ಗೋಡೆಯ ಮೇಲೆ ಹಾರ ಹಾಕಿಸಿಕೊಂಡವರೊಬ್ಬರು ಉಳಿದರು, ಬಹಳ ಒಳ್ಳೆಯವರು, ಆದರೆ ನನಗೆ ಅಷ್ಟು ಪರಿಚಯವಿಲ್ಲ. ಅವರ ಮುಂದೆ ದೀಪ ಹಚ್ಚಿ ನಿಂತರೆ ನನಗೆ ಅಳುವೂ ಬರುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಈ ಮಧ್ಯೆ ಫೋನು ಅಡುಗೆಕಟ್ಟೆಯಿಂದ ಬಿದ್ದು ಗಾಜು ಬಿರುಕು ಬಿಟ್ಟಿತು. ಬೈಯುವುದಕ್ಕೆ ಯಾರೂ ಇರಲಿಲ್ಲ. ಬೈಯಿಸಿಕೊಳ್ಳಬೇಕಾದ ಕಡೆ ಬೈಯಿಸಿಕೊಳ್ಳದಿದ್ದರೆ ಎಷ್ಟು ಕಿರಿಕಿರಿಯಾಗುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೋದ ಶನಿವಾರ ನಿಧಿ ಗುರುಗ್ರಾಮದಿಂದ ಬಂದಳು. ಅಲ್ಲಿ ಕಂಪನಿಯೊಂದರಲ್ಲಿ ಕೆಲಸ, ಅಲ್ಲೇ ಗೆಳತಿಯರ ಜೊತೆ ವಾಸ. ನನ್ನ ಫೋನು ಎತ್ತಿಕೊಂಡು ಏನೋ ಹುಡುಕಲು ಹೋಗಿ ಬೆರಳು ಕುಯ್ದುಕೊಂಡಳು.

“ಮಮ್ಮಿ, ಬಸ್. ಇನಫ್. ಚಲೋ, ಈಗ್ಲೇ ಮಾರ್ಕೆಟ್‌ಗೆ ಹೋಗೋಣ.”

“ಇರಲಿ ಬಿಡೇ, ನನಗೆ ಅಭ್ಯಾಸ ಆಗಿದೆ.”

“ಅಭ್ಯಾಸ? ರಕ್ತ ಬರೋದು ಅಭ್ಯಾಸನಾ? ಪಪ್ಪಾ ಇದ್ದಿದ್ರೆ ಅವರೇ ಕಿತ್ತು ಫೇಂಕ್ ದೇತೇ.”

ಅದು ನಿಜ. ಬಿರುಕು ಬಿಟ್ಟ ವಸ್ತುವನ್ನು ಅವರು ಒಂದು ದಿನವೂ ಸಹಿಸುತ್ತಿರಲಿಲ್ಲ. ನಾನು ಚಪ್ಪಲಿ ಮೆಟ್ಟಿದೆ.

ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿಯ ಪಕ್ಕ, ಗೋಡೆಯ ತುಂಬ ಕವರುಗಳನ್ನು ತೂಗುಹಾಕಿಕೊಂಡು ಕೂತ ನಡುವಯಸ್ಸಿನ ಒಬ್ಬರಿದ್ದಾರೆ. ಫೋನು ನೋಡಿ, “ಆಂಟೀಜೀ, ಇಷ್ಟು ದಿನ ಹೇಗೆ ಚಲಾಯಿಸಿದಿರಿ?” ಎಂದು ಹಿಂದಿಯಲ್ಲಿ ಕೇಳಿದರು. “ಧೀರೇ ಸೇ, ಭಯ್ಯಾ” ಎಂದೆ. ನಿಧಾನವಾಗಿ ತೆಗೆಯಿರಿ ಎಂದು ನನ್ನ ಅರ್ಥ. ಅವರು ಮೂಲೆಗೆ ಉಗುರು ಕೊಟ್ಟರು. ನಾನು ಆ ಕಡೆ ತಿರುಗಿ ಹೊಳೆಯುವ ಕವರುಗಳನ್ನು ನೋಡುತ್ತ ನಿಂತೆ. ಚರಚರ ಎಂದು ಸಣ್ಣ ಶಬ್ದವಾಯಿತು, ಮುಗಿದೇಹೋಯಿತು. ಐದು ತಿಂಗಳು ಕಾಪಾಡಿಕೊಂಡಿದ್ದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

“ಇದರಲ್ಲಿ ಸ್ಕ್ರ್ಯಾಚ್ ಇದೆಯಲ್ಲ” ಎಂದರು ಅಂಗಡಿಯವರು.

ಬಿರುಕಿನ ಗುರುತಿರಬೇಕು ಎಂದೆ. ಅವರು ಸ್ಪಿರಿಟ್ಟಿನಲ್ಲಿ ಒರೆಸಿ, ದೀಪಕ್ಕೆ ಓರೆಯಾಗಿ ಹಿಡಿದು ತೋರಿಸಿದರು. ಬಿರುಕು ಕೆಳತುದಿಯಲ್ಲಿತ್ತು. ಈ ಗೀರು ನಟ್ಟನಡುವೆ, ಕೂದಲೆಳೆಯಷ್ಟು ತೆಳ್ಳಗೆ, ಅರ್ಧಚಂದ್ರದ ಹಾಗೆ ಬಾಗಿತ್ತು. “ಇದು ಹಳೇದು ಆಂಟೀಜೀ. ಗಾಜು ಹಾಕೋ ಮುಂಚಿನದು. ಅಂಟು ಗೀರಿನೊಳಗೆ ತುಂಬಿಕೊಂಡರೆ ಕಾಣೋದಿಲ್ಲ. ಯಾರು ಹಾಕಿದ್ದು?”

ಗಾಜು ಹಾಕುವ ಮುಂಚೆ ಆ ಫೋನನ್ನು ಮುಟ್ಟಿದವರು ಒಬ್ಬರೇ.

ನನಗೆ ತಕ್ಷಣ ಕಂಡದ್ದು ಅವರ ಕೈ. ಬೂಟಿಗೆ ಪಾಲಿಷ್ ಹಾಕುವಾಗ, ಬೆಲ್ಟಿನ ಹಿತ್ತಾಳೆ ಬಿಲ್ಲೆ ಉಜ್ಜುವಾಗ, ಕನ್ನಡಕ ಒರೆಸುವಾಗಲೂ ಆ ಕೈ ದುಂಡಗೇ ತಿರುಗುತ್ತಿತ್ತು. ಬಿಲ್ಲೆ ಉಜ್ಜುವ ಹಳದಿ ಬಟ್ಟೆಯಿಂದಲೇ ಫೋನನ್ನೂ ಒರೆಸಿರಬೇಕು. ಅದರಲ್ಲೊಂದು ಮರಳಿನ ಕಣ ಸಿಕ್ಕಿಕೊಂಡಿರಬೇಕು. ಆ ಬೆಳಿಗ್ಗೆ ನನಗಾಗಿ ಚಹಾ ಮಾಡಿದ್ದರು. ಕೇಳದೆಯೇ ಸ್ಕೂಟರಿನಲ್ಲಿ ಶಾಲೆಯವರೆಗೆ ಬಿಟ್ಟಿದ್ದರು. ಸಂಜೆ ಜಿಲೇಬಿ ತಂದಿದ್ದರು. ಹೊಸ ಫೋನಿನ ಸಂತೋಷಕ್ಕೆ ಎಂದುಕೊಂಡಿದ್ದೆ ನಾನು. ಆಮೇಲೆ ಹೋಗುವವರೆಗೂ, ವಾರವಾರವೂ, ಟ್ಯೂಬ್‌ಲೈಟಿನ ಕೆಳಗೆ ತಾವೇ ಹಾಕಿದ ಗೀರು ಕಾಣುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ನನಗೆ ಜೋಪಾನದ ಪಾಠ ಹೇಳಿದ್ದಾರೆ ಈ ಮಹಾನುಭಾವರು.

“ನಿಮ್ಮಪ್ಪ ಎಂಥ ಕಳ್ಳರು ನೋಡೇ” ಎಂದೆ. ದನಿ ಸ್ವಲ್ಪ ಜೋರಾಯಿತು, ಬಟ್ಟೆ ಅಂಗಡಿಯವರು ಇಣುಕಿದರು.

ನಿಧಿ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. “ಪಪ್ಪಾ ಡರ್ ಗಯೇ ಹೋಂಗೇ, ಹೆದರಿರ್ತಾರೆ. ನೀವು ಬೈತೀರಾ ಅಂತ.”

“ನಾನು ಬೈಯುತ್ತಿದ್ದೆನಾ?”

“ಅಚ್ಛಾ? ಈಗ ಏನು ಮಾಡ್ತಿದೀರಿ?”

“ಅಪ್ಪನ ವಕೀಲಿಕೆ ಮಾಡಬೇಡ ನೀನು.”

ಅಂಗಡಿಯವರಿಗೆ ನಮ್ಮ ಕನ್ನಡ ತಿಳಿಯಲಿಲ್ಲ. ಗಿರಾಕಿಗೆ ಬೇಸರವಾಗಿದೆ ಎಂದಷ್ಟೇ ತಿಳಿದು, ಹೊಸ ಗಾಜು ಹಾಕುತ್ತೇನೆ, ಗೀರು ಮತ್ತೆ ಮಾಯವಾಗುತ್ತದೆ, ಇತ್ತೆಂದೇ ಗೊತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿದರು. ಬೇಡ ಎಂದೆ. ದಾರಿಯುದ್ದಕ್ಕೂ ನಾನು ಯಜಮಾನರನ್ನು ಬೈದೆ, ಮಗಳು ಅವರ ಪರ ವಾದಿಸಿದಳು. ಎಂಟು ತಿಂಗಳಲ್ಲಿ ನಾವಿಬ್ಬರೂ ಅವರ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಈಗ ನನ್ನ ಫೋನು ಬರೀ ಮೈಯಲ್ಲಿದೆ. ಪರದೆ ಆರಿದಾಗ ಅರ್ಧಚಂದ್ರ ಕಾಣುತ್ತದೆ. ಗೋಡೆಯ ಫೋಟೋದ ಮುಂದೆ ದಿನವೂ ನಿಂತು ಒಂದು ಮಾತಾದರೂ ಆಡುತ್ತೇನೆ, ಬಹಳ ಮಟ್ಟಿಗೆ ಬೈಗುಳವೇ. ಆದರೆ ಬೈದು ಬೈದು ನಿನ್ನೆ ನನಗೇ ಒಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಸೈನ್ಯ ಬಿಡುವಾಗ ಅವರ ತುಕಡಿಯವರು ಲಾಂಛನ ಹಾಕಿಸಿ ಕೊಟ್ಟ ಪಿಂಗಾಣಿ ಮಗ್ಗು ಷೋಕೇಸಿನಲ್ಲಿದೆ. ಆರು ವರ್ಷದ ಹಿಂದೆ ಧೂಳು ಹೊಡೆಯುವಾಗ ನನ್ನ ಕೈಜಾರಿ ಅದರ ಹಿಡಿ ಮುರಿದಿತ್ತು. ಯಾವುದೋ ಅಂಟು ಮೆತ್ತಿ, ಹಿಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟು, ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ ಷೋಕೇಸಿನ ಕೆಲಸವನ್ನೇ ಅವರಿಗೆ ಬಿಟ್ಟೆ.

ನಿನ್ನೆ ಮಗ್ಗನ್ನು ಹೊರಗೆ ತೆಗೆದೆ. ನಾನು ಮೆತ್ತಿದ ಅಂಟು ಗಂಟುಗಂಟಾಗಿ ಆಚೀಚೆ ಇಳಿದಿತ್ತು, ನನಗೆ ಚೆನ್ನಾಗಿ ನೆನಪಿದೆ. ಈಗ ಅಲ್ಲಿ ಗಂಟಿರಲಿಲ್ಲ. ಯಾರೋ ಅದನ್ನೆಲ್ಲ ಕೆರೆದು ತೆಗೆದು, ಹಿಡಿಯನ್ನು ಬಿಡಿಸಿ, ಸರಿಯಾಗಿ ಕೂರಿಸಿ, ಒಂದು ಎಳೆಯೂ ಹೆಚ್ಚಾಗದಂತೆ ಮತ್ತೆ ಅಂಟಿಸಿದ್ದರು. ಆಮೇಲೆ ಮಗ್ಗನ್ನು ಒರೆಸಿ, ನಾನು ಇಟ್ಟಿದ್ದ ಹಾಗೆಯೇ, ಹಿಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು.

ಷೋಕೇಸಿನ ಬಾಗಿಲು ತೆರೆದೇ ಇತ್ತು. ನಾನು ಮಗ್ಗು ಹಿಡಿದುಕೊಂಡು ನೆಲದ ಮೇಲೆ ಕೂತು, “ಒಂದು ಮಾತು ಹೇಳಬಹುದಿತ್ತಲ್ಲ ಮಾರಾಯರೇ” ಎಂದು ಬೈಯುತ್ತ, ಎಂಟು ತಿಂಗಳ ಮೇಲೆ ಚೆನ್ನಾಗಿ ಅತ್ತೆ.