ಪದ್ಮಕ್ಕ ತರದ ಮೀನು

ಪದ್ಮಕ್ಕ ಕುಳಿತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಬೇಡಕಿಹಾಳದ ಅವರ ಮನೆಯಲ್ಲಿ ಕಪ್ಪು ಕೈಗೆ ಬಂದ ಕೂಡಲೇ ಅವಳು ಅಂಗಳಕ್ಕೆ ಇಳಿಯುತ್ತಿದ್ದಳು. ಅಲ್ಲಿಂದ ದನದ ಕೊಟ್ಟಿಗೆ, ಕೊಟ್ಟಿಗೆಯಿಂದ ಟ್ರ್ಯಾಕ್ಟರು, ಅಲ್ಲಿಂದ ಮತ್ತೆ ಮನೆಯ ಕಟ್ಟೆ. ಮಾತು ಎಲ್ಲಿ ಮುಗಿಯಿತೋ ಅಲ್ಲೇ ಕಪ್ಪು ಇಟ್ಟುಬಿಡುವಳು. ಸಂಜೆ ಅವಳ ತಾಯಿ ಟ್ರ್ಯಾಕ್ಟರಿನ ಬಾನೆಟ್ಟು, ಕಂಪೌಂಡಿನ ಗೋಡೆ, ನೀರಿನ ಟಾಕಿ ಎಲ್ಲ ಸುತ್ತಿ ಕಪ್ಪುಗಳನ್ನು ಆರಿಸಿಕೊಂಡು ಬರುತ್ತಿದ್ದರು. ಇದೇ ಹೆಂಗಸು ಭೂಮಿಯ ಉತ್ತರ ತುದಿಯ ಚಳಿ ಕೊರೆಯುವ ಸಮುದ್ರದೊಳಗೆ ಒಂದು ಬಂಡೆಯ ಎದುರು ಅಲುಗಾಡದೆ ಇದ್ದು, ಒಂದೇ ಮೀನನ್ನು ನೋಡುತ್ತಿದ್ದಳು ಎಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ವಿಡಿಯೊ ನೋಡಿರದಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ಅವರ ಪಕ್ಕದ ಮನೆ. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ನಾನು ಚಿಕ್ಕೋಡಿಯಲ್ಲಿ ಒಂದು ಪತ್ರಿಕೆಯ ತಾಲೂಕು ವರದಿಗಾರ. ಆದರೆ ಅವಳ ಬಾಯಲ್ಲಿ ಮೊದಲಿನಿಂದಲೂ 'ಸಂಪಾದಕ'. ಅವರದು ಕಬ್ಬು ಬೆಳೆಯುವ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಉಣ್ಣುವುದಿಲ್ಲ, ನೀರು ಸೋಸದೆ ಕುಡಿಯುವುದಿಲ್ಲ. ಅಂಥ ಮನೆಯ ಹುಡುಗಿ ಪ್ರಾಣಿಶಾಸ್ತ್ರ ಓದಲು ಹೋದಳು. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ದಿನ ಮಾತ್ರ ಪ್ರಯೋಗಶಾಲೆಯ ಹೊರಗೆ ವರಾಂಡದಲ್ಲಿ ಅಡ್ಡಾಡುತ್ತಿದ್ದಳಂತೆ. ಆ ಅಂಕಗಳು ಅವಳಿಗೆ ಸಿಗಲಿಲ್ಲ.

ಜೀವಂತ ಮೀನು ನೋಡಬೇಕೆಂದು ಅವಳು ಉಗಾರ ಬುದ್ರುಕದ ಹೊಳೆದಂಡೆಗೂ ಕುಡಚಿಯ ಮೀನು ಸಂತೆಗೂ ಹೋಗುತ್ತಿದ್ದಳು. ಒಮ್ಮೆ ನಾನೂ ಜೊತೆಗಿದ್ದೆ. ಮೌಲಾಸಾಬರೆಂಬ ಮೀನು ಮಾರುವವರ ಬುಟ್ಟಿಯಲ್ಲಿ ಇನ್ನೂ ಬಾಯಿ ಆಡಿಸುತ್ತಿದ್ದ ಮೀನಿನ ಕಿವಿರನ್ನು ಇವಳು ಬಗ್ಗಿ ಬಗ್ಗಿ ನೋಡುತ್ತಿದ್ದಳು.

"ಬಾಯಾರ, ತಗೊಳ್ಳೂದಿಲ್ಲ, ಸರಿಯೂದೂ ಇಲ್ಲ. ಬರೇ ನೋಡಿ ಹೋಗೂದೇನ್ರಿ?" ಎಂದರು ಅವರು.

"ನೋಡಿದ್ರ ನಿಮ್ಮ ಮೀನ ಸವೀತೈತೇನ್ರಿ, ಚಾಚಾ?"

"ಮೀನ ಸವಿಯೂದಿಲ್ರಿ, ಗಿರಾಕಿ ಸವೀತಾರ. ನೀವು ಹಿಂಗ ಮಾರಿ ಮಾಡಿ ನಿಂತ್ರ ಮಂದಿ ಮಯ್ಯತ್ತಿಗೆ, ಮಣ್ಣಿಗೆ ಬಂದೇವಿ ಅಂತ ತಿಳಕೋತಾರ."

ಆದರೂ ಮುಂದಿನ ವಾರ ಬಲೆಗೆ ಬಿದ್ದ ವಿಚಿತ್ರ ಮೀನೊಂದನ್ನು ಅವರು ಬಕೆಟ್ಟಿನಲ್ಲಿ ನೀರು ತುಂಬಿ ಇವಳಿಗಾಗಿ ಇಟ್ಟಿದ್ದರು. ಇವಳು ನೋಡಿ, ಬಕೆಟ್ಟನ್ನು ಕೃಷ್ಣೆಗೆ ಒಯ್ದು ಬಿಟ್ಟು ಬಂದಳು.

ಓದು ಅವಳನ್ನು ಗೋವೆಗೆ ಒಯ್ದಿತು. ಅಲ್ಲಿ ಡೈವಿಂಗ್ ಕಲಿತಳು. ಆಮೇಲೆ ನಾರ್ವೆಯ ಉತ್ತರಕ್ಕೆ, ಸಮುದ್ರಜೀವಿಗಳ ಸಂಶೋಧನಾ ಕೇಂದ್ರವೊಂದಕ್ಕೆ ಹೋದಳು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಅವಳ ಅಜ್ಜಿಗೆ, ಮನೆಯವರೆಲ್ಲ ಆಯಿ ಎನ್ನುವವರಿಗೆ, ಇದೇ ಚಿಂತೆ: ಹಗಲೇ ಇಲ್ಲದ ಊರಿನಲ್ಲಿ ಮೊಮ್ಮಗಳು ಯಾವಾಗ ಉಣ್ಣಬೇಕು? ಪದ್ಮಕ್ಕ ಅದಕ್ಕೊಂದು ದಾರಿ ಮಾಡಿದಳು. "ಬೇಡಕಿಹಾಳದ ಸೂರ್ಯನ್ನ ಹಿಡದೀನಿ, ಆಯಿ. ನಿಮಗ ಮುಳಗಿದ್ರ ನನಗೂ ಮುಳಗಿದಂಗ." ಅಲ್ಲಿಯವರು ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ಇವಳ ರಾತ್ರಿಯೂಟ ಮುಗಿದಿರುತ್ತಿತ್ತು.

ಆ ಕತ್ತಲೆಯಲ್ಲೇ ಅವಳಿಗೆ ಆ ಮೀನು ಕಂಡದ್ದು. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ. ಅಂಗೈಯಷ್ಟು ಉದ್ದ, ಹುರುಪೆಯಿಲ್ಲದ, ಗಂಜಿ ಹೆಪ್ಪುಗಟ್ಟಿದಂಥ ಮೈ. ಹೊಟ್ಟೆಯಡಿ ಒಂದು ಸಣ್ಣ ಬಟ್ಟಲಿನಂಥ ಅಂಗ. ಅದರಿಂದ ಬಂಡೆಗೆ ಕಚ್ಚಿಕೊಳ್ಳುತ್ತದೆ. ಎಲ್ಲೋ ಆಳದಿಂದ ಬಲೆಗೆ ಬಂದ ಕೆಲವು ಸತ್ತ ಮೀನುಗಳ ಹೊರತು ಅದರ ಬಗ್ಗೆ ಯಾರಿಗೂ ಹೆಚ್ಚು ಗೊತ್ತಿರಲಿಲ್ಲ. ಪದ್ಮಕ್ಕ ಕಂಡದ್ದು ಜೀವಂತ ಗಂಡು. ಬಂಡೆಯ ಸಂದಿಯಲ್ಲಿ ಹೆಣ್ಣು ಇಟ್ಟುಹೋದ ತತ್ತಿಗಳನ್ನು ಅದು ಕಾಯುತ್ತ, ಬಾಲದಿಂದ ನೀರು ಬೀಸುತ್ತ ಕುಳಿತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಅವಳು ಊರಿಗೆ ಬಂದಾಗ ಸಂಗತಿ ತಿಳಿಯಿತು. ಆ ಮೀನನ್ನೇ ಹೋಲುವ, ಅಲ್ಲಿ ಎಲ್ಲೆಡೆ ಸಿಗುವ ಇನ್ನೊಂದು ಮೀನಿದೆ. ಎರಡರ ವ್ಯತ್ಯಾಸ ತಿಳಿಯುವುದು ಮೈಯೊಳಗಿನ ಎಲುಬಿನಿಂದ. ಹಾಗಾಗಿ ಬರುವ ಚಳಿಗಾಲ ಒಂದು ಮೀನನ್ನು ಹಿಡಿದು ತರಲೇಬೇಕು ಎಂದು ಕೇಂದ್ರದವರು ಹೇಳಿದ್ದರು. ಅಷ್ಟೇ ಆಗಿದ್ದರೆ ಅವಳು ಆಗಲ್ಲ ಎಂದುಬಿಡುತ್ತಿದ್ದಳು. ಆದರೆ ಆ ಬಂಡೆಯಿದ್ದ ಕೊಲ್ಲಿಯಲ್ಲಿ ಹಡಗುಕಟ್ಟೆ ಕಟ್ಟುವ ಯೋಜನೆಯಿತ್ತು. ಅಪರೂಪದ ಮೀನು ಅಲ್ಲಿ ಮರಿ ಮಾಡುತ್ತದೆ ಎಂದು ದಾಖಲಾದರೆ ಕಟ್ಟೆಯ ಕೆಲಸ ನಿಲ್ಲುವ ಸಂಭವವಿತ್ತು. ಒಂದು ಮೀನು ಕೊಂದರೆ ಇಡೀ ಕೊಲ್ಲಿ ಉಳಿಯಬಹುದು. ಕೊಲ್ಲದಿದ್ದರೆ ದಾಖಲೆಯೂ ಇಲ್ಲ, ಕೊಲ್ಲಿಯೂ ಇಲ್ಲ.

ಅವತ್ತು ಪಡಸಾಲೆಯಲ್ಲಿ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಹಚ್ಚಿ ಅವಳು ಅಡ್ಡಾಡುತ್ತಿದ್ದಳು. ಆಯಿ ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿದ್ದರು.

"ಅಲ್ಲ ಬೇ, ಅಂವ ಏನ ತಿಂತಾನ?"

"ತತ್ತಿ ಒಡಿಯೂ ಮಟ ಏನೂ ತಿನ್ನೂದಿಲ್ಲ ಆಯಿ. ನಾ ನೋಡಿದಷ್ಟ ದಿನ ತಿಂದಿಲ್ಲ."

"ಉಪವಾಸ ಕುಂತಾನ ಅನ್ನು. ಉಪವಾಸ ಕುಂತಾಂವನ್ನ ಎಬ್ಬಿಸಿ ಕೊಯ್ತೀರಿ ಅಂದ್ರ ನೀವೆಂಥಾ ಕಲತಾವ್ರು?"

ಪದ್ಮಕ್ಕ ನನ್ನ ಕಡೆ ತಿರುಗಿದಳು. "ನೀ ಹೇಳಲೇ ಸಂಪಾದಕ. ನನ್ನ ಕಣ್ಣಿಲೆ ನೋಡೀನಿ ಅಂದ್ರ ನೀ ಪೇಪರನ್ಯಾಗ ಹಾಕತೀಯೇನ?"

"ಇಲ್ಲಕ್ಕ. ನಾನೂ ಪುರಾವೆ ಕೇಳ್ತೀನಿ," ಎಂದೆ. "ಮೀನ ಹಿಡಿಯೂ ದೊಡ್ಡ ಹಡಗಿನ ಬಲ್ಯಾಗ ಇಂಥಾವು ಎಷ್ಟೋ ಸತ್ತು ಹೊಕ್ಕಾವ. ಒಂದು ತಂದ್ರ ಉಳದವಕ್ಕ ಜಾಗಾ ಆಕ್ಕೈತಿ. ನಾ ಆಗಿದ್ರ ತರ್ತಿದ್ದೆ."

"ಹೆಣ ಬೇಕ ನಿಮಗ. ಸುದ್ದಿಗೂ ಹೆಣ, ಶಾಸ್ತ್ರಕ್ಕೂ ಹೆಣ." ಬಾಗಿಲ ತನಕ ಹೋದವಳು ತಿರುಗಿ ಬಂದಳು. "ನಿನ್ನ ಮಾತಿನ್ಯಾಗ ತಪ್ಪ ಸಿಗವಲ್ದು. ಅದಕ್ಕ ಸಿಟ್ಟ ಬರತೈತಿ."

ಹೋಗುವ ಮುಂಚೆ ಅವಳು ಒಂದು ನಡುದಾರಿ ಹುಡುಕಿಕೊಂಡಿದ್ದಳು. ಮರಿಗಳು ಹೋದ ಮೇಲೆ, ತಿಂಗಳುಗಟ್ಟಲೆ ಹಸಿದ ಗಂಡು ಹೆಚ್ಚಾಗಿ ಸತ್ತೇ ಹೋಗುತ್ತದೆ ಎಂದು ಅವಳ ಅಂದಾಜು. ತಾನಾಗಿ ಸತ್ತದ್ದನ್ನು ಎತ್ತಿಕೊಂಡು ಬಂದರೆ ಪುರಾವೆಯೂ ಆಯಿತು, ಪಾಪವೂ ಇಲ್ಲ. ಅಲ್ಲಿಯ ತನಕ ಕಾಯಬೇಕು, ಅಷ್ಟೇ. ಕಾಯುವುದು ಅವಳ ಜಾಯಮಾನವಲ್ಲ ಎಂದು ನಾನು ಅಂದುಕೊಂಡೆ.

ಚಳಿಗಾಲದಲ್ಲಿ ಅವಳ ಫೋನು ಯಾವಾಗ ಬರುತ್ತದೆ ಎಂದು ಹೇಳುವಂತಿರಲಿಲ್ಲ. ಅದೇ ಬಂಡೆಗೆ ಮತ್ತೆ ಗಂಡು ಬಂದಿದೆ ಎಂದಳು. ಅದೇ ಮೀನೋ ಬೇರೆಯದೋ ಗೊತ್ತಿಲ್ಲ ಎಂದೂ ಸೇರಿಸಿದಳು. ಮೀನು ತರಲು ಕೇಂದ್ರದವರು ಕೊಟ್ಟ ಗಡುವು ಮುಗಿಯಿತು. ಅವರ ದೋಣಿ ಸಿಗುವುದು ನಿಂತಿತು. ದಂಡೆಯಿಂದಲೇ ನೀರಿಗೆ ಇಳಿದು ಹೋಗತೊಡಗಿದಳು. ನಂತರ ಕೆಲಸವೂ ಹೋಯಿತು ಎಂಬ ಸುದ್ದಿ ಅವಳ ತಾಯಿಯಿಂದ ಬಂತು.

ನಾನು ಅವಳನ್ನು ಕೊನೆಗೆ ಕಂಡದ್ದು ಕುಡಚಿ ಸ್ಟೇಷನ್ನಿನಲ್ಲಿ. ಊರಲ್ಲಿ ಕೆಲವೇ ದಿನ ಇದ್ದು ಮತ್ತೆ ಹೊರಟಿದ್ದಳು. ಮೀರಜ ಕಡೆಯ ಗಾಡಿ ತಡವಾಗಿತ್ತು. ಅವಳ ಚೀಲ ಹೊತ್ತುಕೊಂಡು ಅವಳ ಜೊತೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಮನೆಯಲ್ಲಿ ಹೇಳದಿದ್ದುದನ್ನು ಅಲ್ಲಿ ಹೇಳಿದಳು.

"ಮರಿ ಹೊರಗ ಬರೂದ ನೋಡೀನೋ. ಗಾಜಿನ ಚೂರಿನಂಗ ಇದ್ವು. ಅಂವ ಬಾಲಾ ಬೀಸಿ ಬೀಸಿ ಹೊರಗ ದೂಡತಿದ್ದ. ಮರುದಿನ ಗಾಳಿ ಎದ್ದತು. ಸಮುದ್ರಕ್ಕ ಇಳಿಯಾಕ ಆಗಲಿಲ್ಲ. ಇಳದಾಗ ಕಲ್ಲ ಖಾಲಿ."

"ಸತ್ತಿತ್ತೇನು?"

"ಸತ್ತಿತ್ತೋ, ಹೋತೋ, ಯಾವುದರ ಬಾಯಿಗೆ ಬಿತ್ತೋ. ಸುತ್ತಲ ಕಲ್ಲೆಲ್ಲಾ ಹುಡಕೀನಿ."

"ವಿಡಿಯೊ ಐತೆಲ್ಲಕ್ಕ?"

"ವಿಡಿಯೊದಾಗ ಎಲಬ ಕಾಣಸೂದಿಲ್ಲ. 'ಖಚಿತವಿಲ್ಲ' ಅಂತ ಕೇಂದ್ರದಾವ್ರು ಬರದ್ರು. ಅವರದೇನ ತಪ್ಪಿಲ್ಲ, ಅವರ ಜಾಗಾದಾಗ ನಾ ಇದ್ರೂ ಅದನ್ನ ಬರೀತಿದ್ದೆ."

ಕಟ್ಟೆಯ ಗತಿ ಏನಾಯಿತೆಂದು ಕೇಳಿದೆ.

"ಸಮುದ್ರದಾಗ ಕಂಬ ಇಳಸಾಕತ್ತಾರ."

ಪ್ಲಾಟ್‌ಫಾರ್ಮಿನ ಕೊನೆ ಬಂತು. ತಿರುಗಿದೆವು. ಸ್ವಲ್ಪ ದೂರ ಬಂದ ಮೇಲೆ ಅವಳು, "ನೀ ಆಗಿದ್ರ ತರ್ತಿದ್ದಿ, ಹೌದಿಲ್ಲೋ?" ಎಂದಳು.

"ತರ್ತಿದ್ದೆ."

"ಖರೇನ ಹೇಳಿದಿ, ಚಲೋ ಆತು. ನಿನ್ನ ಮಾತ ಕೇಳಬೇಕಿತ್ತು ಅಂತ ದಿನಾ ಮುಂಜಾನೆ ಅನಸ್ತೈತಿ. ಮತ್ತ ಆ ಮರಿ ಹೊಂಟದ್ದು ಕಣ್ಣ ಮುಂದ ಬರತೈತಿ. ಅವರಪ್ಪನ್ನ ಹಿಡದಿದ್ರ ಅವರ್ಯಾರೂ ಹೋಗತಿದ್ದಿಲ್ಲ." ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ಹೋದಾವ್ರು ಎಲ್ಲೆರೆ ಇರಬೇಕಲಾ. ನೋಡೂಣು."

ಗಾಡಿ ಬಂತು, ಹೋದಳು. ಅದಾದ ಮೇಲೆ ಅವಳು ಊರಿಗೆ ಬಂದಿಲ್ಲ. ಅದೇ ಕರಾವಳಿಯಲ್ಲಿ ಯಾರದೋ ದೋಣಿಯ ಮೇಲೆ ಕೆಲಸ ಮಾಡಿಕೊಂಡು, ಬಿಡುವಾದಾಗ ಒಂದೊಂದೇ ಕೊಲ್ಲಿಗೆ ಇಳಿದು ಆ ಮೀನಿಗಾಗಿ ಬಂಡೆಯ ಸಂದಿಗಳನ್ನು ನೋಡುತ್ತಾಳೆ. ಅವಳ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆದಿಲ್ಲ. ಖಚಿತವಾದ ಸುದ್ದಿ ಇನ್ನೂ ಇಲ್ಲ. ಚಳಿಗಾಲ ಶುರುವಾದರೆ ಅವಳ ಸಂದೇಶ ಬರುತ್ತದೆ, ಯಾವಾಗಲೂ ಒಂದೇ ಸಾಲು. ಕಳೆದ ವಾರವೂ ಬಂತು:

"ಇಲ್ಲೂ ಇಲ್ಲ. ಮುಂದಿನ ಕೊಲ್ಲಿಗೆ ಹೊಂಟೀನಿ."