ಕಂಪ್ಯೂಟರಿಗೆ ಹಚ್ಚಿದ ವಿಭೂತಿ

ಸಹನಾ, ಶರಣು,

ನೀವಿಬ್ಬರೂ ಬೇಸಿಗೆ ಸೂಟಿಗೆ ಸೇಡಂನಿಂದ ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರಕ್ಕೆ ಬರುತ್ತಿದ್ದ ಕಾಲವದು. ಸಹನಾಗೆ ಹನ್ನೊಂದು ವರ್ಷ, ಶರಣುಗೆ ಆರು. ನಿಮ್ಮ ಮುತ್ಯಾ, ನನ್ನ ಯಜಮಾನರು, ಇನ್ನೂ ಇದ್ದರು. ಬಾಲ್ಯವೆಂದರೆ ನಿಮಗೆ ಬೇರೇನೋ ನೆನಪಾಗುತ್ತಿರಬಹುದು. ನನಗೆ ಮಾತ್ರ ನಿಮ್ಮ ಬಾಲ್ಯವೆಂದರೆ ಆ ಬೇಸಿಗೆಯ ನಾಲ್ಕು ದಿನ. ಆ ದಿನಗಳ ಕಥೆ ನಿಮಗೆ ಅರ್ಧ ಗೊತ್ತು. ಉಳಿದರ್ಧವನ್ನು ಬಾಯಿಂದ ಹೇಳಲು ನನಗೆ ನಾಚಿಕೆ. ನಾಲವಾರದ ಸಾಲಿಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇದೆಯಲ್ಲ, ಬರೆಯುತ್ತೇನೆ.

ಆಗ ಮಧ್ಯಾಹ್ನವಾದರೆ ಪಡಸಾಲೆಯ ಹಾಸುಗಲ್ಲಿಗೆ ನೀರು ಚಿಮುಕಿಸುತ್ತಿದ್ದೆ. ಅದು ಒಣಗುವ ಮೊದಲೇ ಶರಣು ಅಂಗಿ ಬಿಚ್ಚಿ ಅದರ ಮೇಲೆ ಬೋರಲಾಗಿ ಬೀಳುತ್ತಿದ್ದ. ಒಳಗಿನಿಂದ ಶೇಂಗಾ ಹಿಂಡಿ ಕುಟ್ಟುವ ವಾಸನೆ, ಮುಂದಿನ ಖೋಲಿಯಿಂದ ವಾರ್ನಿಷ್ ವಾಸನೆ. ಆ ಖೋಲಿಯೇ ಮುತ್ಯಾರ ಅಂಗಡಿ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸುವುದು ಅವರ ಕಸುಬು. ಸುತ್ತಲಿನ ಹಳ್ಳಿಗಳಿಂದ ಬಾವಿಯ ಮೋಟಾರು ಹೊತ್ತು ಜನ ಬರುತ್ತಿದ್ದರು. ಆ ವರ್ಷ ಅವರ ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ಅವರು ಯಾರಿಗೂ ಹೇಳಿರಲಿಲ್ಲ. ಚಹಾ ಕುಡಿಯುವಾಗ ಕಪ್ಪಿನ ಕೆಳಗಿನ ಬಶಿ ಸದ್ದು ಮಾಡುತ್ತಿತ್ತು, ಅದರಿಂದ ನನಗೆ ತಿಳಿದಿತ್ತು.

ಸಹನಾ, ನೀನು ಕಂಪ್ಯೂಟರ್ ಬೇಕೆಂದು ಕೇಳಿದ್ದೆ. ಮುತ್ಯಾ ಅಂದರು, "ತಯಾರ್ ಇದ್ದದ್ದು ಯಾಕ ತರಬೇಕವ್ವಾ? ಸಾಮಾನ ತಂದು ನಾವೇ ಜೋಡಸೋಣ. ಮೋಟಾರ್ ಕಟ್ಟೋ ಕೈಗಿ ಇದೇನು ದೊಡ್ಡದಲ್ಲ."

ನೀನೂ ಮುತ್ಯಾನೂ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಡಬ್ಬಿಗಳನ್ನು ಹೊತ್ತು ತಂದಿರಿ. ಭಾನುವಾರ ಸಂಜೆ ಮುತ್ಯಾ ಪಡಸಾಲೆಯಲ್ಲಿ ಬಿಳಿ ಧೋತರ ಹಾಸಿ ಎಲ್ಲವನ್ನೂ ಬಿಚ್ಚಿಟ್ಟರು. ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, "ಯಾರೂ ಕೈ ಹಚ್ಚಬ್ಯಾಡ್ರಿ. ಶರಣ್ಯಾ, ನೀ ಅಂತೂ ಗೆರಿ ದಾಟಬ್ಯಾಡ," ಅಂದರು.

"ಮುತ್ಯಾ, ಬರೇ ಬಟ್ಟು ಇಟ್ರ?" ಶರಣು ಒಂದು ಬೆರಳು ಎತ್ತಿ ತೋರಿಸಿದ.

"ಬಟ್ಟು ಯಾರದಲೇ? ನಿಂದೇ ಅಲ್ಲೇನು?"

ಶರಣು ಗೆರೆಗೆ ಕೂದಲೆಳೆಯಷ್ಟು ದೂರದಲ್ಲಿ ಕಾಲು ಚಾಚಿ ಕೂತುಬಿಟ್ಟ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದೆ. ನೀವು ಮಲಗಿದ್ದಿರಿ, ಮುತ್ಯಾ ಬಚ್ಚಲಿನಲ್ಲಿದ್ದರು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಾಗಲಿ, ನಿಮ್ಮ ಅಪ್ಪನ ಸೈಕಲ್ಲಾಗಲಿ, ವಿಭೂತಿ ಹಚ್ಚದೆ ಕೆಲಸಕ್ಕೆ ಹಚ್ಚಿದ್ದಿಲ್ಲ. ಇದೊಂದನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ. ಗೆರೆ ದಾಟಿದೆ. ಹೊರಗಿನ ಪೆಟ್ಟಿಗೆಗೆ ಹಚ್ಚಿದೆ, ಟಿವಿಯಂಥ ಪರದೆಗೆ ಹಚ್ಚಿದೆ. ಗೇಣಿಗಿಂತ ಚಿಕ್ಕದಾದ ಒಂದು ಹಸಿರು ಪಟ್ಟಿ ಇತ್ತು. ಅದರ ಒಂದು ಅಂಚಿಗೆ ಬಂಗಾರದ ಬಣ್ಣದ ಸಣ್ಣ ಸಣ್ಣ ಗೆರೆಗಳು. ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಆ ಬಂಗಾರದ ಮೇಲೇ ಎಳೆದೆ. ಅಷ್ಟರಲ್ಲಿ ಬಚ್ಚಲ ಬಾಗಿಲು ಸದ್ದಾಯಿತು. ಗಡಿಬಿಡಿಯಲ್ಲಿ ಎಲ್ಲವನ್ನೂ ಸೆರಗಿನಿಂದ ಒರೆಸಿ ಒಳಗೆ ಓಡಿದೆ.

ಅಂದು ಮಧ್ಯಾಹ್ನ ಸಹನಾ ಡಬ್ಬಿಯಲ್ಲಿ ಬಂದಿದ್ದ ಪುಸ್ತಕ ನೋಡಿ ಓದಿದಳು, ಮುತ್ಯಾ ಜೋಡಿಸಿದರು. ಬಟನ್ ಒತ್ತಿದರೆ ಒಳಗಿನ ಫ್ಯಾನ್ ತಿರುಗಿತು, ಹಸಿರು ದೀಪ ಹತ್ತಿತು. ಪರದೆ ಮಾತ್ರ ಕಪ್ಪು. ಪೆಟ್ಟಿಗೆಯೊಳಗಿಂದ ಕುಂಯ್, ಕುಂಯ್ ಎಂದು ಒಂದೇ ಸಮನೆ ಕೂಗು.

"ಮುತ್ಯಾ, ಇದಕ್ಕ ಹಸಿವಾಗ್ಯಾದ," ಅಂದ ಶರಣು.

"ಹೌದಪಾ, ನಿನ್ನಂಗೇ ಒದರ್ಲಿಕತ್ತದ."

ಮಂಗಳವಾರ ನಗು ಕಡಿಮೆಯಾಯಿತು. ಟೆಸ್ಟರ್ ಹಿಡಿದು ಒಂದೊಂದೇ ವೈರು ನೋಡಿದರು. ಒಳಗಿನ ಗುಂಡನೆಯ ಸೆಲ್ ತೆಗೆದು ಹಾಕಿದರು. ಆ ಹಸಿರು ಪಟ್ಟಿಯನ್ನೂ ಎರಡು ಸಲ ಕಿತ್ತು ಮತ್ತೆ ಒತ್ತಿದರು. ಅದೇ ಕೂಗು. "ಕರೆಂಟ್ ಬರ್ತದ, ಫ್ಯಾನ್ ತಿರಗ್ತದ. ಮತ್ತ ಎಲ್ಲಿ ತಪ್ಪಿದೆ ನಾ?" ಎಂದು ತಮ್ಮಷ್ಟಕ್ಕೇ ಅನ್ನುತ್ತಿದ್ದರು. ಅಂದು ಅರ್ಧ ರೊಟ್ಟಿಗೇ ಕೈ ತೊಳೆದರು.

ಬುಧವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಸಹನಾ ಒಲೆಯ ಬಳಿ ಕೂತು ಶರಣುಗೆ ಪುಸ್ತಕದ ಚಿತ್ರ ತೋರಿಸುತ್ತಿದ್ದಳು. "ಈ ಹಸಿರು ಪಟ್ಟಿ ಅದ ನೋಡು, ಅದರ ಬಂಗಾರದ ಅಂಚಿಗಿ ಬಟ್ಟು ಸೈತ ಹಚ್ಚಬಾರದಂತ. ಧೂಳ ಕುಂತ್ರೂ ಕಂಪ್ಯೂಟರ್ ಚಾಲೂ ಆಗಂಗಿಲ್ಲಂತ."

ನನ್ನ ಕೈ ಹಿಟ್ಟಿನ ಮೇಲೆ ನಿಂತಿತು. ತವೆಯ ಮೇಲಿನ ರೊಟ್ಟಿ ಕರಕಾಯಿತು.

ಆಗಲೇ ಎದ್ದು ಹೇಳಬೇಕಿತ್ತು. ನಿಮ್ಮ ಮುತ್ಯಾ ಸಿಡುಕಿನವರಲ್ಲ. ಆದರೆ ಮೂವತ್ತೈದು ವರ್ಷ ಸಂಸಾರ ಮಾಡಿದರೂ ನಾನಾಗಿ ಅವರೆದುರು ಮಾತು ತೆಗೆದದ್ದು ಕಡಿಮೆ. ಅವರು ಕೇಳಿದರೆ ಉತ್ತರ ಕೊಡುವುದಷ್ಟೇ ನನಗೆ ರೂಢಿ. ಸಂಜೆ ಹೇಳೋಣ ಅಂದುಕೊಂಡೆ. ಸಂಜೆಯಾದ ಮೇಲೆ, ನಾಳೆ ಹೇಳಿದರಾಯಿತು ಅಂದುಕೊಂಡೆ.

ಗುರುವಾರ ಹಿಂದಿನ ಓಣಿಯ ಚಾಂದಬೀ ಮಿಕ್ಸರ್ ಹಿಡಿದು ಬಂದಳು. "ಮಾಮಾ, ಇದು ತಿರಗವಲ್ದು ನೋಡ್ರಿ."

"ಸ್ಟೇಷನ್ ರೋಡಿಗಿ ಒಯ್ಯವ್ವಾ. ನಾ ಈ ಕೆಲಸ ಬಿಟ್ಟೀನಿ."

"ಹೌದ್ರಿ, ಮನಿಗಿ ಕಂಪ್ಯೂಟರ್ ಬಂದ ಮ್ಯಾಲ ನಮ್ಮ ಮಿಕ್ಸರ್ ಯಾಕ ಕಾಣ್ತದ!"

ಮುತ್ಯಾ ನಗಲಿಲ್ಲ. ಬಲಗೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. ಯಾರ ಮುಂದೆಯೂ ಅವರು ಹಾಗೆ ತೋರಿಸಿದ್ದಿಲ್ಲ. ಚಾಂದಬೀ ಮಿಕ್ಸರನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಟುಹೋದಳು.

ಆಮೇಲೆ ಅವರು ಪಕ್ಕಡ, ಟೆಸ್ಟರ್, ತಂತಿ ಸುತ್ತುವ ಕಟ್ಟಿಗೆಯ ಅಚ್ಚು, ಒಂದೊಂದೇ ಒರೆಸಿ ಗೋಣಿಚೀಲಕ್ಕೆ ಹಾಕತೊಡಗಿದರು. "ಸಹನಾ, ನಾಳಿ ಈ ಸಾಮಾನ ವಾಪಸ್ ಕೊಟ್ಟು ತಯಾರ್ ಇದ್ದದ್ದೇ ತರೋಣವ್ವಾ. ತಪ್ಪು ಸಾಮಾನಿಂದಲ್ಲ. ಈ ಕೈದು."

ಸಹನಾ, ನೀನು ಪುಸ್ತಕ ಮುಚ್ಚಿದೆ. ನಾನು ಅಡುಗೆಮನೆಯ ಹೊಸ್ತಿಲಿಗೆ ಬಂದೆ.

"ರೀ, ಕೈದು ಅಲ್ರಿ. ನಂದು. ಆ ಹಸಿರು ಪಟ್ಟಿಗಿ ನಾ ವಿಭೂತಿ ಹಚ್ಚೀನ್ರಿ."

ಮೂವರೂ ನನ್ನ ಕಡೆ ನೋಡಿದಿರಿ. ಮುತ್ಯಾ ಪಟ್ಟಿ ಕಿತ್ತು ಬಾಗಿಲ ಬಿಸಿಲಿಗೆ ಒಯ್ದು ಭೂತಗನ್ನಡಿ ಹಿಡಿದರು. ಬಂಗಾರದ ಗೆರೆಗಳ ಮೇಲೆ ಬೂದಿ ಒಣಗಿ ಕೂತಿತ್ತು.

"ಇಷ್ಟು ಸಾಮಾನದಾಗ ನಿನಗ ಇದೇ ಸಿಕ್ತೇನು?"

"ಎಲ್ಲಾಕ್ಕೂ ಹಚ್ಚೀನ್ರಿ."

ಶರಣು ಕಿಸಕ್ಕನೆ ನಕ್ಕ.

"ಹಚ್ಚಿದ್ದು ಹಚ್ಚಿದಿ, ಬಂಗಾರದ ಅಂಚಿಗೇ ಯಾಕ?"

"ಅದು ಹಣಿ ಅನಿಸ್ತ್ರಿ."

ಆಗ ಅವರು ನಕ್ಕದ್ದು ನಿಮಗೂ ನೆನಪಿರಬೇಕು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸಹನಾ ಕಂಪಾಸಿನಿಂದ ರಬ್ಬರ್ ತಂದಳು. "ನೀ ತಿಕ್ಕವ್ವಾ," ಎಂದು ಪಟ್ಟಿ ಅವಳಿಗೆ ಕೊಟ್ಟವರು, ಏನನ್ನಿಸಿತೋ, ತಿರುಗಿ ತಾವೇ ಇಸಿದುಕೊಂಡರು. ನಡುಗುವ ಕೈಯಿಂದಲೇ ತಿಕ್ಕಿದರು, ಅದೇ ಕೈಯಿಂದ ಒತ್ತಿ ಕೂರಿಸಿದರು. ಈ ಸಲ ಒಂದೇ ಒಂದು ಸಣ್ಣ ಸದ್ದು, ಆಮೇಲೆ ಪರದೆಯ ತುಂಬ ಬಿಳಿ ಅಕ್ಷರ. ನೀವಿಬ್ಬರೂ ಚಾಂದಬೀಯನ್ನು ಮಿಕ್ಸರ್ ಸಮೇತ ಕರೆತರಲು ಬರಿಗಾಲಲ್ಲೇ ಓಡಿದಿರಿ.

ಬುಧವಾರದ್ದೊಂದು ಬಿಟ್ಟರೆ ಇಷ್ಟು ನಿಮಗೆ ಗೊತ್ತು. ನೀವು ಓಡಿದ ಮೇಲೆ ಅವರು ನನ್ನನ್ನು ಕೇಳಿದರು, "ನಿನಗ ಯಾವಾಗ ಗೊತ್ತಾತು?"

"ನಿನ್ನಿ, ರೊಟ್ಟಿ ಮಾಡೋವಾಗ್ರಿ."

ಅವರು ಗೋಣಿಚೀಲದಿಂದ ಪಕ್ಕಡ ಹೊರತೆಗೆದು ಇಟ್ಟರು. ಆಮೇಲೆ ಅಂದರು, "ಹಚ್ಚಿದ್ದಕ್ಕ ಏನಿಲ್ಲ. ನಿನ್ನಿಯಿಂದ ಸುಮ್ಮನಿದ್ದಿಯಲ್ಲ, ಅಷ್ಟೂ ಹೊತ್ತು ನಾ ಈ ಕೈ ನೋಡ್ಕೋತ ಕುಂತಿದ್ದೆ."

ಬೈದಿದ್ದರೆ ಮರೆಯುತ್ತಿದ್ದೆ. ಬೈಯಲಿಲ್ಲ.

ಮರುದಿನದಿಂದ ಸಂಜೆ ಚಹಾ ಕೊಟ್ಟ ಕೂಡಲೇ ಕೇಳುವರು, "ಕುಂದ್ರು. ಇವತ್ತೇನರ ಹೇಳೋದು ಉಳದದೇನು?" ಮೊದಮೊದಲು ಏನಿಲ್ಲರಿ ಅನ್ನುತ್ತಿದ್ದೆ. ಅವರು ಬಶಿ ಕೆಳಗಿಟ್ಟು ಕಾಯುವರು. ಸಾರಿಗೆ ಉಪ್ಪು ಮರೆತದ್ದು ಹೇಳಿದೆ. ತವರಿನ ಬಾವಿಯಲ್ಲಿ ಕೊಡ ಬಿಟ್ಟು ಬೈಸಿಕೊಂಡದ್ದು ಹೇಳಿದೆ. ಬರಬರುತ್ತ ನಾನೇ ಮಾತಾಡುತ್ತಿದ್ದೆ, ಅವರು ತಂತಿ ಸುತ್ತುತ್ತ ಕೇಳುತ್ತಿದ್ದರು. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ನನಗೆ ಗಂಡನೊಡನೆ ಮಾತು ಬಂತು. ಅದು ಐದು ವರ್ಷ ನಡೆಯಿತು, ಅಷ್ಟೇ.

ಈಗ ನೀವು ಬಂದಾಗ ನನ್ನ ಸುತ್ತ ಮಾತಿಗೇನೂ ಕಡಿಮೆಯಿಲ್ಲ. ಆದರೂ ಹೇಳದೆ ಉಳಿದದ್ದನ್ನು ಕಾದು ಕೂತು ಕೇಳುವ ಆ ಒಬ್ಬರು ಇಲ್ಲ. ಆ ಒಂದು ದಿನ ನಾನು ಬಾಯಿ ಬಿಡದೆ ಅವರನ್ನು ನೋಯಿಸಿದ್ದನ್ನು ಅವರು ಯಾರಿಗೂ ಹೇಳದೆ ಹೋದರು. ನಾನೂ ಹೇಳದೆ ಹೋಗಬಾರದು.

ಈ ಹಾಳೆಗಳು ಸಹನಾ ಹತ್ತಿರ ಇರಲಿ. ಶರಣು ಕೇಳಿದರೆ ಓದಲು ಕೊಡು, ಓದಿದ ಮೇಲೆ ಮರೆಯದೆ ವಾಪಸ್ ಇಸಿದುಕೋ. ಪೆನ್ನಿನ ಮಸಿ ನೀರಿಗೆ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಪಾನವಾಗಿ ಇಡವ್ವಾ.

ನಿಮ್ಮ ಆಯಿ