ಹಿನ್ನೆಲೆ ಮಸುಕಾಗಿರಲಿ

2009ರ ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಏಳೂಕಾಲಿಗೆ ಕಾಪುವಿನಿಂದ ಹೊರಟ ನಾಡದೋಣಿ ಮಧ್ಯಾಹ್ನ ಹನ್ನೆರಡಾದರೂ ಮರಳಲಿಲ್ಲ. ಅದರಲ್ಲಿ ನಾಲ್ವರಿದ್ದರು. ಅದು ಹೊರಟಾಗ ನಾನು ಅಲ್ಲೇ, ಎರಡು ಕ್ಯಾಮೆರಾಗಳ ಹಿಂದೆ ನಿಂತಿದ್ದೆ. ಆದರೂ ಅದು ಎತ್ತ ಹೋಯಿತೆಂದು ನೋಡಿರಲಿಲ್ಲ.

ಉಡುಪಿಯಲ್ಲಿ ವರದಿಗಾರನಾಗಿದ್ದ ನನಗೆ ಆಗ ಸಾಕ್ಷ್ಯಚಿತ್ರದ ಹುಚ್ಚು. ನನ್ನ ಹಳೆಯ ಟೇಪ್ ಕ್ಯಾಮೆರಾದ ಬೆಳಕು ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಸಣ್ಣದು; ಅದರಲ್ಲಿ ಎದುರಿನ ಮುಖವೂ ಆಚೆ ದಡದ ತೆಂಗಿನಮರವೂ ಒಂದೇ ಸಮ ಸ್ಪಷ್ಟ. ನನಗದು ಬಡತನವಾಗಿ ಕಾಣುತ್ತಿತ್ತು. ಸಿನಿಮಾ ಎಂದರೆ ಹಿನ್ನೆಲೆ ಮಸುಕಾಗಬೇಡವೇ? ಮಣಿಪಾಲದ ಗೆಳೆಯನನ್ನು ಕಾಡಿ, ವಿಡಿಯೊ ಕೂಡ ತೆಗೆಯುವ ಹೊಸ ಸ್ಟಿಲ್ ಕ್ಯಾಮೆರಾ ತಂದೆ. ಸೆನ್ಸರ್ ಅಂಚೆಚೀಟಿಯಷ್ಟು; ಮುಖವೊಂದೇ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಆದರೆ ಅದರ ಧ್ವನಿ ಕಳಪೆ. ಹಾಗಾಗಿ ಹಳೆಯದನ್ನು ಬರೀ ಮಾತು ಹಿಡಿಯಲೆಂದು ಪಕ್ಕದಲ್ಲಿ ನಿಲ್ಲಿಸಿದ್ದೆ.

ಮೀನು ಮಾರುವ ಗಿರಿಜಕ್ಕ ಕಡಲಿಗೆ ಬೆನ್ನು ಹಾಕಿ ಮಾತಾಡುತ್ತಿದ್ದರು. ಹಿಂದೆ ಎಂಜಿನ್ ಸದ್ದಾದಾಗ ತಿರುಗಲು ಹೊರಟರು. "ತಿರುಗಬೇಡಿ ಅಕ್ಕ, ಫೋಕಸ್ ತಪ್ಪುತ್ತದೆ," ಎಂದೆ. ದೊಡ್ಡ ಸೆನ್ಸರಿನ ತೊಂದರೆ ಅದೇ. ನನ್ನ ಕಣ್ಣೂ ಅವರ ರೆಪ್ಪೆಯ ಮೇಲೇ ಇತ್ತು. ಆ ದೋಣಿಯಲ್ಲಿ ಅವರ ಮಗ ಯತೀಶನಿದ್ದ.

ಮಧ್ಯಾಹ್ನ ಗಾಳಿ ಎದ್ದಿತ್ತು. ನಾಲ್ವರ ಫೋನೂ ಸಿಗುತ್ತಿರಲಿಲ್ಲ. ದೋಣಿಯ ಮಾಲೀಕ ಬಾಬಣ್ಣ ಹುಡುಕುವ ದೋಣಿಗಳನ್ನು ಅಂದಾಜಿನ ಮೇಲೆ ದಕ್ಷಿಣಕ್ಕೆ, ಹೆಜಮಾಡಿ ಕಡೆಗೆ ಕಳಿಸಿದ್ದ. ಗಿರಿಜಕ್ಕ ನನ್ನ ಬಳಿ ಬಂದರು.

"ನಿಮ್ಮ ಮಿಶಿನಲ್ಲಿ ಉಂಟಲ್ಲ, ತೋರಿಸಿ."

ಹೊಸ ಕ್ಯಾಮೆರಾದಲ್ಲಿ ಅವರ ಮೂಗುತಿಯ ಕಲ್ಲು ಮಿನುಗುತ್ತಿತ್ತು. ಹಿಂದೆ ದೋಣಿ ಬರೀ ಒಂದು ನೀಲಿ ಕಲೆ. ಅದು ಕಡಲಿನ ಮಸುಕು ಬಿಳಿಯೊಳಗೆ ಕರಗಿತು.

"ಇದೆಂತದು, ಹಾಳಾಗಿದೆಯಾ?"

"ಇಲ್ಲ ಅಕ್ಕ. ಬೇಕೆಂದೇ ಹಾಗೆ ಮಾಡಿದ್ದು."

"ಯಾರಿಗೆ ಬೇಕೆಂದು?"

ಸುದ್ದಿಮನೆಯಲ್ಲಿ ತಪ್ಪು ಮಾಹಿತಿಗೆ ಮರುದಿನ ತಿದ್ದುಪಡಿ ಹಾಕುತ್ತೇವೆ; ಇಲ್ಲಿ ಮರುದಿನದವರೆಗೆ ಕಾಯುವಂತಿರಲಿಲ್ಲ. ಹಳೆಯ ಕ್ಯಾಮೆರಾದ ಟೇಪನ್ನು ಹಿಂದಕ್ಕೆ ಓಡಿಸಿದೆ. ಅಂಗೈಗಿಂತ ಚಿಕ್ಕ ಪರದೆಯಲ್ಲಿ ಗಿರಿಜಕ್ಕನ ಕಿವಿಯ ಪಕ್ಕ ದೋಣಿ ಕಂಡಿತು, ಅಕ್ಕಿಕಾಳಿನಷ್ಟು, ಆದರೆ ಸ್ಪಷ್ಟ. ಅಲೆ ದಾಟಿತು. ಸ್ವಲ್ಪ ನಿಂತಿತು. ಬಲಕ್ಕೆ, ಉತ್ತರದ ಕಡೆಗೆ ತಿರುಗಿತು.

"ಬಡಗು ಮಾರಾಯ!" ಬಾಬಣ್ಣ ಫೋನಿಗೆ ಕೂಗಿದ. "ತೆಂಕು ಅಲ್ಲ, ಬಡಗು! ಎಲ್ಲ ತಿರುಗಿಸಿ!"

ಗಿರಿಜಕ್ಕ ಕ್ಯಾಮೆರಾ ಬಿಡಲಿಲ್ಲ. ಬ್ಯಾಟರಿ ಮುಗಿಯುವವರೆಗೂ ಅದನ್ನೇ ನೋಡಿದರು.

ಸಂಜೆ ಐದಕ್ಕೆ, ಉದ್ಯಾವರದ ನೇರಕ್ಕೆ ಕಡಲಲ್ಲಿ, ಮಗುಚಿದ ದೋಣಿಯನ್ನು ಹಿಡಿದು ತೇಲುತ್ತಿದ್ದ ನಾಲ್ವರನ್ನು ಮೇಲೆತ್ತಿದರು. ಯತೀಶನ ಎಡಭುಜ ಕಳಚಿತ್ತು. ನಾಲ್ವರೂ ಮಾತಾಡುತ್ತಿದ್ದರು.